ಓದುಗರ ಪ್ರಶ್ನೆ: ಅರ್ಧಂಬರ್ಧ ಕರ್ನಲ್ ಹಂಚಬಹುದೇ?

ಪ್ರಶ್ನೆ: ಪ್ರಯೋಗಕ್ಕೆಂದು ಪುಟ್ಟದೊಂದು ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಂ ಬರೆಯುತ್ತಿದ್ದೇನೆ. ಸ್ಕ್ರೀನ್ ಮೇಲೆ ಅಕ್ಷರ ಮೂಡುತ್ತದೆ, ಕೀಬೋರ್ಡ್ ಕೆಲಸ ಮಾಡುತ್ತದೆ, ಅಷ್ಟೇ. ಈಗಲೇ ಹಂಚಬಹುದೇ? ನೇರವಾಗಿ ಬೂಟ್ ಮಾಡಬಹುದಾದ ಡಿಸ್ಕ್ ಇಮೇಜ್ ಫೈಲ್ ಒಂದನ್ನೇ ಕೊಟ್ಟರೆ ಸಾಲದೇ?

ಉತ್ತರ: ಧಾರಾಳವಾಗಿ ಹಂಚಿ. 1991ರ ಸೆಪ್ಟೆಂಬರ್‌ನಲ್ಲಿ ಹೊರಬಂದ ಲಿನಕ್ಸ್ 0.01 ಕೂಡ ಸುಮಾರು 10 ಸಾವಿರ ಸಾಲುಗಳ ಕೋಡ್ ಅಷ್ಟೇ. ಅದನ್ನು ಕಂಪೈಲ್ ಮಾಡಲು, ಅಂದರೆ ಯಂತ್ರಭಾಷೆಗೆ ತಿರುಗಿಸಲು, ಮಿನಿಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂ ಬೇಕಿತ್ತು. ಆದರೆ ಬರೀ ಇಮೇಜ್ ಕೊಟ್ಟರೆ ಜನ ಒಮ್ಮೆ ಬೂಟ್ ಮಾಡಿ ನೋಡಿ ಸುಮ್ಮನಾಗುತ್ತಾರೆ. ಸೋರ್ಸ್, ಮೇಕ್‌ಫೈಲ್ (ಕಂಪೈಲ್ ಮಾಡುವ ಹಂತಗಳ ಪಟ್ಟಿ), ಲೈಸೆನ್ಸ್ ಜೊತೆಗೆ ಕೋಡಿನ ತುಂಡುಗಳನ್ನು ಜೋಡಿಸುವ ಸೂಚನೆಗಳಿರುವ ಲಿಂಕರ್ ಸ್ಕ್ರಿಪ್ಟೂ ಇರಲಿ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಮೆಮೊರಿಯ ಯಾವ ವಿಳಾಸದಲ್ಲಿ ಕೂರಬೇಕು ಎಂಬುದು ಇರುವುದೇ ಅದರಲ್ಲಿ, ಹೆಚ್ಚಿನವರು ಮರೆಯುವುದೂ ಅದನ್ನೇ.

ಕಂಪೈಲರ್ ಯಾವುದು, ಅದರ ಆವೃತ್ತಿ ಎಷ್ಟು ಎಂದೂ ಬರೆಯಿರಿ. ಇದು ಬರೀ ಶಿಷ್ಟಾಚಾರವಲ್ಲ. ಕರ್ನಲನ್ನು ಡಿಸ್ಕಿನಿಂದ ಮೆಮೊರಿಗೆ ತರುವ ನಿಮ್ಮ ಬೂಟ್‌ಲೋಡರ್ ತಲಾ 512 ಬೈಟಿನ 20 ಸೆಕ್ಟರ್, ಅಂದರೆ 10,240 ಬೈಟ್ ಮಾತ್ರ ಓದುತ್ತದೆ ಎಂದುಕೊಳ್ಳಿ. ಬೇರೆ ಆವೃತ್ತಿಯ ಜಿಸಿಸಿ ಕಂಪೈಲರಿನಲ್ಲಿ ಅದೇ ಕರ್ನಲ್ 11 ಸಾವಿರ ಬೈಟ್ ದಾಟಿದರೆ ಬಾಲದ ತುಂಡು ಮೆಮೊರಿಗೆ ಬರುವುದೇ ಇಲ್ಲ. ಡೇಟಾ ಇರುವುದು ಬಹುಪಾಲು ಆ ತುದಿಯಲ್ಲೇ. ಹಾಗಾಗಿ ಕೋಡ್ ಓಡುತ್ತದೆ, ಸ್ಕ್ರೀನ್ ಮೇಲೆ ಕಸ ಕಾಣುತ್ತದೆ. ಸೆಕ್ಟರ್ ಸಂಖ್ಯೆಯನ್ನು ಕೈಯಲ್ಲಿ ಬರೆಯದೆ, ಕರ್ನಲ್ ಫೈಲಿನ ಗಾತ್ರವನ್ನು 512ರಿಂದ ಭಾಗಿಸಿ, ಶೇಷ ಉಳಿದರೆ ಒಂದು ಸೇರಿಸಿ, ಮೇಕ್‌ಫೈಲೇ ತುಂಬುವಂತೆ ಮಾಡಿ. ನಿಮ್ಮ ಲಿನಕ್ಸ್ ಡಿಸ್ಟ್ರೋ ಜೊತೆ ಬರುವ ಜಿಸಿಸಿ ಬದಲು, ಬೇರೆ ಸಿಸ್ಟಂಗೆ ಕೋಡ್ ತಯಾರಿಸುವ ಕ್ರಾಸ್ ಕಂಪೈಲರ್ ಬಳಸಿ. ಮಾಮೂಲಿಯದು ಸ್ಟ್ಯಾಕ್ ಪ್ರೊಟೆಕ್ಟರ್ ಎಂಬ ರಕ್ಷಣಾ ಕೋಡ್ ಸೇರಿಸಿಬಿಟ್ಟು ಲಿಂಕ್ ಮಾಡುವಾಗ ತಕರಾರು ತೆಗೆಯುವುದುಂಟು.

ಪ್ರಶ್ನೆ: ಕಂಪ್ಯೂಟರನ್ನು ಅನುಕರಿಸುವ ಕ್ಯೂಎಮು ತಂತ್ರಾಂಶದಲ್ಲಿ ಸರಿಯಾಗಿ ಬೂಟ್ ಆಗುತ್ತದೆ. ಇಮೇಜ್ ಪಡೆದವರು ಮಾತ್ರ ಲ್ಯಾಪ್‌ಟಾಪ್‌ನಲ್ಲಿ ಏನೂ ಬರುವುದಿಲ್ಲ ಎನ್ನುತ್ತಾರೆ.

ಉತ್ತರ: ಮೊದಲು ಅವರ ಯಂತ್ರದಲ್ಲಿ ಲೆಗಸಿ ಬೂಟ್, ಅಂದರೆ ಯಂತ್ರವನ್ನು ಶುರುಮಾಡುವ ಹಳೆಯ ಬಯೋಸ್ ವಿಧಾನ, ಇದೆಯೇ ಕೇಳಿ. ಬಯೋಸ್ ಬದಲಿಗೆ ಬಂದ ಯುಇಎಫ್‌ಐ ಮಾತ್ರ ಇರುವ ಹೊಸ ಯಂತ್ರಗಳು ಬಯೋಸ್ ಬೂಟ್ ಸೆಕ್ಟರನ್ನು ಮುಟ್ಟುವುದೇ ಇಲ್ಲ.

ಲೆಗಸಿ ಇದ್ದೂ ಆಗದಿದ್ದರೆ ನಮ್ಮ ಅನುಮಾನ ಬಿಎಸ್‌ಎಸ್ ಮೇಲೆ. ಬೆಲೆ ಕೊಡದ ಗ್ಲೋಬಲ್ ವೇರಿಯಬಲ್‌ಗಳ ಜಾಗ ಅದು, ಸಿ ಭಾಷೆಯ ಪ್ರಕಾರ ಅಲ್ಲಿ ಸೊನ್ನೆ ಇರಬೇಕು. ಬರೀ ಕೋಡ್, ಡೇಟಾ ಬೈಟುಗಳಷ್ಟೇ ಇರುವ ಫ್ಲಾಟ್ ಬೈನರಿ ಫೈಲಿನಲ್ಲಿ ಅದು ಸೇರುವುದಿಲ್ಲ. ಕ್ಯೂಎಮು ಮೆಮೊರಿ ಸೊನ್ನೆಯಿಂದಲೇ ಶುರುವಾಗುವುದರಿಂದ ತಪ್ಪು ಮುಚ್ಚಿಹೋಗುತ್ತದೆ. ನಿಜವಾದ ರ್‍ಯಾಮ್‌ನಲ್ಲಿ ಹಳೆಯದೇನೋ ಇರುತ್ತದೆ. ಲಿಂಕರ್ ಸ್ಕ್ರಿಪ್ಟ್‌ನಲ್ಲಿ ಬಿಎಸ್‌ಎಸ್‌ನ ಆರಂಭಕ್ಕೂ ಕೊನೆಗೂ ಗುರುತು ಇಟ್ಟು, ಸಿ ಕೋಡಿಗೆ ಜಿಗಿಯುವ ಮುನ್ನ ಅಷ್ಟನ್ನೂ ಸೊನ್ನೆ ಮಾಡಿ. ಹಾಗೆಯೇ ಮೆಮೊರಿಯ ಯಾವ ಭಾಗ ಎಂದು ಪ್ರೊಸೆಸರ್‌ಗೆ ಹೇಳುವ ಸೆಗ್ಮೆಂಟ್ ರಿಜಿಸ್ಟರ್‌ಗಳನ್ನು ನೀವೇ ಹೊಂದಿಸಿಕೊಳ್ಳಿ, ಬಯೋಸ್ ಬಿಟ್ಟುಹೋದದ್ದನ್ನು ನಂಬಬೇಡಿ. ಯಾವ ಡಿಸ್ಕಿನಿಂದ ಬೂಟ್ ಆಗಿದೆ ಎಂದು ಹೇಳುವ ಡ್ರೈವ್ ಸಂಖ್ಯೆ ಮಾತ್ರ ಬಯೋಸ್ ಡಿಎಲ್ ರಿಜಿಸ್ಟರ್‌ನಲ್ಲಿ ಕೊಟ್ಟದ್ದೇ ಆಗಬೇಕು.

ಅಂದಹಾಗೆ, ಪೆನ್ ಡ್ರೈವ್‌ಗೆ ಡಿಡಿ ಕಮಾಂಡಿನಲ್ಲಿ ಇಮೇಜ್ ಬರೆಯುವ ಸೂಚನೆ ಕೊಡುವಾಗ ಡಿವೈಸ್ ಹೆಸರನ್ನು ಖಾಲಿ ಬಿಡಿ. ಜನ ನೋಡದೆ ಕಾಪಿ ಮಾಡುತ್ತಾರೆ. ಅವರ ಯಂತ್ರದಲ್ಲಿ ಅದೇ ಹೆಸರು ಹಾರ್ಡ್ ಡಿಸ್ಕಿನದ್ದಾಗಿದ್ದರೆ ಎಲ್ಲಾ ಹೋಯಿತು.

ಪ್ರಶ್ನೆ: ಲೈಸೆನ್ಸ್ ಆಮೇಲೆ ಹಾಕಿದರಾಗದೇ?

ಉತ್ತರ: ಬೇಡ. ಲೈಸೆನ್ಸ್ ಇಲ್ಲದ ಕೋಡ್ ಕಣ್ಣಿಗೆ ಕಂಡರೂ ತಿದ್ದಿ ಹಂಚುವ ಹಕ್ಕು ಯಾರಿಗೂ ಸಿಗುವುದಿಲ್ಲ. ಲಿನಕ್ಸ್‌ನ ಮೊದಲ ಲೈಸೆನ್ಸ್ ಹಣ ಪಡೆದು ಹಂಚುವುದನ್ನು ತಡೆದಿತ್ತು, 1992ರಲ್ಲಿ ಜಿಪಿಎಲ್ ಎಂಬ ಮುಕ್ತ ಲೈಸೆನ್ಸ್‌ಗೆ ಬದಲಾಯಿತು. ನಾಲ್ಕಾರು ಜನರ ಪ್ಯಾಚ್ (ಕೋಡಿನ ತಿದ್ದುಪಡಿ) ಸೇರಿದ ಮೇಲೆ ಲೈಸೆನ್ಸ್ ಬದಲಿಸಬೇಕೆಂದರೆ ಅಷ್ಟೂ ಜನರ ಒಪ್ಪಿಗೆ ಬೇಕಾಗಬಹುದು. ಮಾರ್ಪಾಡುಗಳನ್ನು ಹಂಚುವವರು ಸೋರ್ಸನ್ನೂ ಕೊಡಲೇಬೇಕು ಎಂದಿದ್ದರೆ ಜಿಪಿಎಲ್, ಕೊಡದಿದ್ದರೂ ಪರವಾಗಿಲ್ಲ ಎಂದರೆ ಎಂಐಟಿ ಲೈಸೆನ್ಸ್.