‘ಹೌ ಶಾನ್’ ಎಂದಾಗ ತಲೆಯಾಡಿಸಬೇಡಿ

ಚೀನಾದ ಚೆಂಗ್ಡು ನಗರದಿಂದ ಒಂದೇ ದಿನದಲ್ಲಿ ಚಿಂಗ್‌ಚೆಂಗ್ ಬೆಟ್ಟದ ದಾವೋ (ಚೀನಾದ ಪ್ರಾಚೀನ ಧರ್ಮ) ದೇವಾಲಯವನ್ನೂ ದೂಜಿಯಾಂಗ್ಯಾನ್ ಎಂಬ ಪುರಾತನ ನೀರಾವರಿಯನ್ನೂ ಮುಗಿಸಬಹುದೇ, ಕೇಬಲ್ ಕಾರಿನಲ್ಲಿ ಹೋದರೆ ಮೇಲಿನಿಂದ ಒಳ್ಳೆಯ ಫೋಟೊ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಇದೇ ಲೆಕ್ಕ ಹಾಕಿಕೊಂಡು ಹೊರಟು ನಾನು ಒಂದು ಭಾನುವಾರವನ್ನು ನೀರಿಗೆ ಹಾಕಿದ್ದೇನೆ.

ಕಂಪನಿಯ ಕೆಲಸಕ್ಕೆಂದು ಮೂರು ವಾರ ಚೆಂಗ್ಡುವಿನಲ್ಲಿದ್ದೆ. ನವೆಂಬರ್ ತಿಂಗಳು. ಸಹೋದ್ಯೋಗಿಯೊಬ್ಬರು ಚೀಟಿಯಲ್ಲಿ ಮೂರು ಚೀನೀ ಅಕ್ಷರ ಬರೆದುಕೊಟ್ಟರು: ಚಿಂಗ್, ಚೆಂಗ್, ಶಾನ್. ಶಾನ್ ಎಂದರೆ ಬೆಟ್ಟ. ರೈಲು ಇಳಿದು, ಹೊರಗೆ ನಿಂತಿದ್ದ ಬಸ್ಸಿನವನಿಗೆ ಚೀಟಿ ತೋರಿಸಿದೆ. ಅವನು ‘ಹೌ ಶಾನ್?’ ಎಂದ. ನನ್ನ ಕನ್ನಡದ ಕಿವಿಗೆ ಅದು ಅರ್ಧಕ್ಕೆ ನಿಂತ ‘ಹೌದು’ ಎಂಬಂತೆ ಕೇಳಿಸಿತು. ಚೀನೀ ಭಾಷೆಯಲ್ಲಿ ನನಗೆ ಬರುತ್ತಿದ್ದ ಎರಡು ಪದಗಳಲ್ಲಿ ಒಂದು ‘ಹಾವೊ’, ಅಂದರೆ ‘ಒಳ್ಳೆಯದು’. ನಾನು ಹಿಗ್ಗಿನಿಂದ ‘ಹಾವೊ, ಹಾವೊ’ ಎಂದು ಹತ್ತಿ ಕುಳಿತೆ.

ಇಲ್ಲಿಯೇ ಎಡವಿದ್ದು. ಚಿಂಗ್‌ಚೆಂಗ್ ಎಂಬ ಹೆಸರಿನಲ್ಲಿ ಎರಡು ಬೆಟ್ಟಗಳಿವೆ. ‘ಚಿಯೆನ್ ಶಾನ್’ ಎಂದರೆ ಮುಂದಿನ ಬೆಟ್ಟ, ‘ಹೌ ಶಾನ್’ ಎಂದರೆ ಹಿಂದಿನ ಬೆಟ್ಟ. ಹೆಸರಾಂತ ದಾವೋ ದೇವಾಲಯಗಳೆಲ್ಲ ಇರುವುದು ಮುಂದಿನದರಲ್ಲಿ. ದ್ವಾರ ಬೇರೆ, ಟಿಕೆಟ್ ಬೇರೆ, ಬಸ್ಸೂ ಬೇರೆ. ಒಂದರಿಂದ ಇನ್ನೊಂದಕ್ಕೆ ದಾಟಿಬಿಡುತ್ತೇನೆ ಎನ್ನುವ ಹಾಗಿಲ್ಲ. ಬಸ್ಸಿನವನ ತಪ್ಪು ಎಳ್ಳಷ್ಟೂ ಇಲ್ಲ. ಹಿಂದಿನ ಬೆಟ್ಟಕ್ಕೇ ತಾನೇ ಎಂದು ಅವನು ಕೇಳಿದ್ದ, ನಾನು ಒಪ್ಪಿದ್ದೆ. ಅಂದುಕೊಂಡಿದ್ದಕ್ಕಿಂತ ಟಿಕೆಟ್ ಬಹಳ ಅಗ್ಗವಾಗಿದ್ದಾಗಲಾದರೂ ಅನುಮಾನ ಬರಬೇಕಿತ್ತು. ಉಳಿತಾಯವಾಯಿತೆಂದು ಖುಷಿಪಟ್ಟೆ!

ಹಿಂದಿನ ಬೆಟ್ಟ ಕೆಟ್ಟದ್ದೆಂದು ಹೇಳುತ್ತಿಲ್ಲ. ಕಮರಿ, ಝರಿ, ನೀರಿನ ಮೇಲೆ ಹಾಸಿದ ಹಲಗೆಯ ದಾರಿ, ತಾಯ್‌ಆನ್ ಎಂಬ ಹಳೆಯ ಪೇಟೆ ಎಲ್ಲವೂ ಇವೆ. ಮೂರು ತಾಸು ಹತ್ತಿದ ಮೇಲೆ ‘ದಾವೋ ದೇವಾಲಯ ಎಲ್ಲಿ’ ಎಂದು ಮೊಬೈಲ್ ಅನುವಾದ ತೋರಿಸಿ ವಿಚಾರಿಸಿದರೆ, ಜೋಳ ಮಾರುತ್ತಿದ್ದ ಅಜ್ಜಿ ನಕ್ಕು, ನಾನು ಬಂದ ದಿಕ್ಕಿಗೇ ಕೈ ತೋರಿಸಿದಳು. ಅಷ್ಟು ಹೊತ್ತಿಗೆ ಮಳೆ ಬೇರೆ ಹಿಡಿದಿತ್ತು. ದೂಜಿಯಾಂಗ್ಯಾನ್ ಅಂದು ಹಾಗೆಯೇ ಬಿಟ್ಟುಹೋಯಿತು.

ಮುಂದಿನ ಭಾನುವಾರ ಮತ್ತೆ ಹೋದೆ, ಈ ಸಲ ಸರಿಯಾದ ಬಸ್ಸಿಗೆ. ತಿಯೆನ್‌ಷಿ ದೋಂಗ್, ಅಂದರೆ ದಿವ್ಯಗುರುವಿನ ಗುಹೆಗೆ ಕಾಡಿನ ಮೆಟ್ಟಿಲುಗಳ ಮೂಲಕ ನಡೆದೇ ಹೋದೆ. ಕ್ರಿ.ಶ. 2ನೆಯ ಶತಮಾನದಲ್ಲಿ ದಾವೋ ಗುರು ಜಾಂಗ್ ದಾವೋಲಿಂಗ್ ಬೋಧಿಸಿದ ಜಾಗ ಇದೆಂದು ಪ್ರತೀತಿ. ಅವನೇ ನೆಟ್ಟದ್ದೆಂದು ಹೇಳುವ ಗಿಂಕೊ ಮರ ಆಗ ಅರಿಸಿನದ ಬಣ್ಣಕ್ಕೆ ತಿರುಗಿತ್ತು. ಚಪ್ಪಲಿ ಬಿಡುವ ಜಾಗ ಹುಡುಕುತ್ತಾ ನಿಂತೆ. ಅಲ್ಲಿ ಯಾರೂ ಬಿಡುವುದಿಲ್ಲ. ಆದರೆ ಎತ್ತರದ ಹೊಸ್ತಿಲನ್ನು ತುಳಿಯದೆ ದಾಟಬೇಕು, ಅದಕ್ಕೆ ನಮ್ಮ ಅಜ್ಜಿಯ ಬೈಗುಳವೇ ತರಬೇತಿ. ನಾನು ಕೈಮುಗಿದರೆ, ನೆತ್ತಿಯ ಮೇಲೆ ಜುಟ್ಟು ಕಟ್ಟಿದ ದಾವೋ ಸಾಧು ಬಲಮುಷ್ಟಿಯನ್ನು ಎಡಗೈಯಲ್ಲಿ ಹಿಡಿದು ವಂದಿಸಿದರು. ಅಲ್ಲಿನ ರೀತಿ ಅದು.

ಅಲ್ಲೊಂದು ಶಾಸನವಿದೆ. ಬೌದ್ಧರಿಗೂ ದಾವೋಗಳಿಗೂ ಇದೇ ಸ್ಥಳಕ್ಕಾಗಿ ಜಗಳವಾಗಿ, 724ರಲ್ಲಿ ತಾಂಗ್ ಚಕ್ರವರ್ತಿ ಷ್ವಾನ್‌ಜೋಂಗ್ ತೀರ್ಪು ಕೊಟ್ಟ: ದೇವಾಲಯ ದಾವೋಗಳಿಗೆ, ಬೌದ್ಧ ವಿಹಾರ ಬೆಟ್ಟದ ಹೊರಗಿನ ತನ್ನ ಹಳೆಯ ಜಾಗಕ್ಕೆ. ಯಾರು ಎಲ್ಲಿರಬೇಕೆಂದು ಹೇಳಲು ಚಕ್ರವರ್ತಿಯೇ ಬೇಕಾಯಿತೆಂದರೆ, ನಾನು ದಾರಿ ತಪ್ಪಿದ್ದು ದೊಡ್ಡದಲ್ಲ ಎಂದು ಸಮಾಧಾನವಾಯಿತು.

ಇನ್ನು ಫೋಟೊ. ಮೋಡದ ಮೇಲೆ ತೇಲುವ ಗುಡಿಯ ಚಿತ್ರ ಬೇಕಿದ್ದರೆ ನೀವು ಬೆಟ್ಟವನ್ನೇ ತಪ್ಪಾಗಿ ಆರಿಸಿದ್ದೀರಿ. ಚೀನೀಯರು ಚಿಂಗ್‌ಚೆಂಗನ್ನು ಕೊಂಡಾಡುವುದು ನೋಟಕ್ಕಲ್ಲ, ಅದರ ಏಕಾಂತಕ್ಕೆ. 1,260 ಮೀಟರ್ ಎತ್ತರದ ಲಾವೋಜುನ್ ಮಂಟಪದಿಂದ ನನಗೆ ಕಂಡದ್ದು ಮರದ ತುದಿಗಳು ಮತ್ತು ಮಂಜು. ಕೇಬಲ್ ಕಾರಿನಲ್ಲೇ ಹೋಗಿ ಅದರಲ್ಲೇ ಇಳಿದರೆ ತಿಯೆನ್‌ಷಿ ದೋಂಗ್ ತಪ್ಪಿಹೋಗುತ್ತದೆ; ಹತ್ತುವುದು ಕಷ್ಟವೆನಿಸಿದರೆ ಮೇಲೆ ಹೋಗಲು ಮಾತ್ರ ಬಳಸಿ, ಇಳಿಯುವಾಗ ನಿಧಾನವಾಗಿ ಆ ದಾರಿಯಲ್ಲಿ ನಡೆಯಿರಿ. ಮೆಟ್ಟಿಲು ಪಾಚಿಗಟ್ಟಿರುತ್ತದೆ, ಹಿಡಿತವಿರುವ ಬೂಟು ಬೇಕು.

ದೂಜಿಯಾಂಗ್ಯಾನನ್ನು ಅದೇ ದಿನಕ್ಕೆ ತುರುಕಬೇಡಿ. ಅಣೆಕಟ್ಟೇ ಇಲ್ಲದೆ ನದಿಯನ್ನು ಸೀಳಿ, ಕ್ರಿ.ಪೂ. 3ನೆಯ ಶತಮಾನದಿಂದ ಇಂದಿನವರೆಗೂ ಹೊಲಗಳಿಗೆ ನೀರು ಹರಿಸುತ್ತಿರುವ ಕೆಲಸವನ್ನು ಸಂಜೆಯ ಆತುರದಲ್ಲಿ ನೋಡುವುದು ಅದಕ್ಕೆ ಮಾಡುವ ಅವಮಾನ. ಒಂದೇ ದಿನ ಇದೆಯೆಂದರೆ ಎರಡರಲ್ಲಿ ಒಂದನ್ನು ಬಿಡಿ.

ಮತ್ತೆ ಹೇಳುತ್ತೇನೆ, ನಿಮ್ಮ ಚೀಟಿಯಲ್ಲಿ ಮೂರೇ ಅಕ್ಷರಗಳಿದ್ದರೆ ಹೋಟೆಲಿನಿಂದ ಹೊರಡುವ ಮೊದಲೇ ‘ಚಿಯೆನ್’ ಎಂಬ ನಾಲ್ಕನೆಯದನ್ನೂ ಬರೆಸಿಕೊಳ್ಳಿ.