ತಜ್ಞರು ದೂರ, ಕಾಯಿಲೆ ಹತ್ತಿರ: ಮೊದಲ ಸೈಕೋಸಿಸ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ತಮ್ಮನಿಗೆ 19 ವರ್ಷ. ಎರಡು ತಿಂಗಳಿಂದ ಒಬ್ಬನೇ ಮಾತಾಡಿಕೊಳ್ಳುತ್ತಾನೆ, ಯಾರೋ ಹಿಂಬಾಲಿಸುತ್ತಿದ್ದಾರೆ ಎನ್ನುತ್ತಾನೆ. ಮನೋವೈದ್ಯರಿರುವ ಆಸ್ಪತ್ರೆ 120 ಕಿಲೋಮೀಟರ್ ದೂರ, ಅಪಾಯಿಂಟ್‌ಮೆಂಟ್ ಸಿಕ್ಕಿರುವುದು ಆರು ವಾರದ ಮೇಲೆ. ಅಲ್ಲಿಯವರೆಗೆ ಕಾಯಬಹುದೇ?

ಉತ್ತರ: ಸುಮ್ಮನೆ ಕಾಯಬೇಡಿ. ಇದು ಸೈಕೋಸಿಸ್ ಇರಬಹುದು, ಅಂದರೆ ಇಲ್ಲದ ದನಿ ಕೇಳುವ, ಆಧಾರವಿಲ್ಲದ ನಂಬಿಕೆ ಗಟ್ಟಿಯಾಗುವ, ವಾಸ್ತವದ ಹಿಡಿತ ತಪ್ಪುವ ಸ್ಥಿತಿ. ಚಿಕಿತ್ಸೆಯಿಲ್ಲದೆ ಕಳೆದ ದಿನಗಳು ಹೆಚ್ಚಿದಷ್ಟೂ ಚೇತರಿಕೆ ಕಷ್ಟವಾಗುತ್ತದೆ. ಇಂಗ್ಲೆಂಡಿನಲ್ಲಿ 2016ರಿಂದ ಇಂಥವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಎರಡು ವಾರದೊಳಗೆ ಚಿಕಿತ್ಸೆ ಶುರುವಾಗಬೇಕೆಂಬ ಗುರಿ ಇಟ್ಟಿರುವುದು ಇದಕ್ಕೇ.

ಈ ವಾರವೇ ಹತ್ತಿರದ ಸಾಮಾನ್ಯ ವೈದ್ಯರಲ್ಲಿಗೆ ಕರೆದೊಯ್ಯಿರಿ. ಹೋಗುವ ಮುನ್ನ ಒಂದು ಪುಟ ಬರೆದಿಟ್ಟುಕೊಳ್ಳಿ: ಬದಲಾವಣೆ ಮೊದಲು ಕಂಡದ್ದು ಯಾವಾಗ, ರಾತ್ರಿ ಎಷ್ಟು ಗಂಟೆ ನಿದ್ದೆ, ಅವನು ಹೇಳುವ ಮಾತು ಅವನದೇ ಪದಗಳಲ್ಲಿ, ಗಾಂಜಾ ಅಥವಾ ಬೇರೆ ಅಮಲು, ತಲೆಗೆ ಪೆಟ್ಟು, ಫಿಟ್ಸ್, ಮನೆಯಲ್ಲಿ ಬೇರೆಯವರಿಗೆ ಇಂಥ ಕಾಯಿಲೆ. ತೂಕ, ಸೊಂಟದ ಸುತ್ತಳತೆ, ಬಿಪಿ, ರಕ್ತದ ಸಕ್ಕರೆ, ಕೊಲೆಸ್ಟ್ರಾಲ್, ಥೈರಾಯ್ಡ್, ಲಿವರ್, ಕಿಡ್ನಿ, ಇಸಿಜಿ ಪರೀಕ್ಷೆಗಳಿಗೆ ಮನೋವೈದ್ಯರೇ ಬೇಕಿಲ್ಲ. ವರದಿಗಳು ಕೈಯಲ್ಲಿದ್ದರೆ 120 ಕಿಲೋಮೀಟರಿನ ಮೊದಲ ಪ್ರಯಾಣ ಬರೀ ಪರೀಕ್ಷೆ ಬರೆಸಿಕೊಳ್ಳುವುದರಲ್ಲಿ ಮುಗಿದುಹೋಗುವುದಿಲ್ಲ.

ಸಾಮಾನ್ಯವಾಗಿ ಎಡವುವುದು ರೆಫರಲ್ ಚೀಟಿಯಲ್ಲಿ. ‘ನಿದ್ದೆಯಿಲ್ಲ, ಸಿಟ್ಟು’ ಎಂದಷ್ಟೇ ಬರೆದರೆ ಆ ಚೀಟಿ ಸರದಿಯ ಕೊನೆಗೆ ಸೇರುತ್ತದೆ. ‘ಮೊದಲ ಬಾರಿಯ ಸೈಕೋಸಿಸ್ ಶಂಕೆ, ಶುರುವಾಗಿ ಎರಡು ತಿಂಗಳು’ ಎಂದು ಸ್ಪಷ್ಟವಾಗಿ ಬರೆಯಲು ಕೇಳಿ. ಮನೋವೈದ್ಯರಿಗೆ ಅಲ್ಲಿಂದಲೇ ಫೋನ್ ಮಾಡಲೂ ವಿನಂತಿಸಿ. ವೈದ್ಯರಿಬ್ಬರು ಮಾತಾಡಿಕೊಂಡರೆ ದಿನಾಂಕ ಮುಂಚೆ ಬರುವುದುಂಟು, ಔಷಧವನ್ನು ಊರಲ್ಲೇ ಕಡಿಮೆ ಪ್ರಮಾಣದಲ್ಲಿ ಶುರುಮಾಡುವ ನಿರ್ಧಾರವೂ ಆಗಬಹುದು.

‘ಅದೆಲ್ಲ ನಿನ್ನ ಕಲ್ಪನೆ’ ಎಂದು ತಮ್ಮನೊಂದಿಗೆ ವಾದಕ್ಕಿಳಿಯಬೇಡಿ, ಹೌದೆಂದು ಒಪ್ಪಲೂಬೇಡಿ. ‘ನಿನಗೆ ಹೆದರಿಕೆಯಾಗುತ್ತಿದೆ, ನಿದ್ದೆ ಕೆಟ್ಟಿದೆ, ಅದಕ್ಕೆ ತೋರಿಸೋಣ’ ಎನ್ನಿ. ಜ್ವರ, ಫಿಟ್ಸ್, ದಿನ-ಜಾಗ ತಿಳಿಯದ ಗೊಂದಲ, ಮೈ ಸೆಟೆದುಕೊಳ್ಳುವುದು, ಅನ್ನ ನೀರು ಬಿಡುವುದು, ಸಾಯುವ ಮಾತು, ಯಾರಿಗಾದರೂ ಹೊಡೆ ಎಂದು ದನಿ ಆಜ್ಞೆ ಮಾಡುವುದು: ಇವುಗಳಲ್ಲಿ ಒಂದಿದ್ದರೂ ಅಂದೇ ತುರ್ತು ವಿಭಾಗಕ್ಕೆ ಒಯ್ಯಿರಿ. ಮಿದುಳಿನ ಉರಿಯೂತವೂ ಸೈಕೋಸಿಸ್‌ನಂತೆಯೇ ಕಾಣಿಸಿಕೊಳ್ಳಬಲ್ಲದು.

ಪ್ರಶ್ನೆ: ಮೊದಲ ಸೈಕೋಸಿಸ್‌ಗೆಂದೇ ಇರುವ ತಂಡಗಳು ದೊಡ್ಡ ನಗರಗಳಲ್ಲೇ ಏಕೆ? ಇದು ಬರೀ ಹಣದ ಸಮಸ್ಯೆಯೇ?

ಉತ್ತರ: ಹಣ ಒಂದು ಕಾರಣ, ಲೆಕ್ಕ ಇನ್ನೊಂದು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದರೆ ವರ್ಷಕ್ಕೆ ಲಕ್ಷಕ್ಕೆ ಸುಮಾರು 27 ಜನರಿಗೆ ಹೊಸದಾಗಿ ಸೈಕೋಸಿಸ್ ಬರುತ್ತದೆ. ಊರಿಂದೂರಿಗೆ ಇದು ಬಹಳ ಬದಲಾಗುತ್ತದೆ. 50,000 ಜನರ ಪ್ರದೇಶದಲ್ಲಿ ವರ್ಷಕ್ಕೆ 13 ಮಂದಿ ಎನ್ನೋಣ. ಮೂರು ವರ್ಷದ ಆರೈಕೆಯೆಂದರೆ ಒಟ್ಟು 40. ರೋಗಿಯ ಆರೈಕೆಯ ಹೊಣೆ ಹೊತ್ತ ಒಬ್ಬ ಕಾರ್ಯಕರ್ತರಿಗೆ 15 ರೋಗಿಗಳೆಂಬ ರೂಢಿಯ ಮಿತಿಯಲ್ಲಿ ಮೂರು ಹುದ್ದೆಯೂ ತುಂಬುವುದಿಲ್ಲ. ಆದರೆ ಆ 40 ಜನರಿಗೂ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ನರ್ಸ್, ಕುಟುಂಬದವರೊಂದಿಗೆ ಕೂತು ಮಾತಾಡುವವರು, ಓದು-ಕೆಲಸಕ್ಕೆ ಮರಳಲು ನೆರವಾಗುವವರು, ಎಲ್ಲರೂ ಬೇಕು. ಎಲ್ಲ ಹುದ್ದೆಗಳೂ ಅರೆಕಾಲಿಕವಾಗುತ್ತವೆ, ಅರೆಕಾಲಿಕ ಹುದ್ದೆಗೆ ಬಂದವರು ನಿಲ್ಲುವುದಿಲ್ಲ.

ಇದರ ಮೇಲೆ ಪ್ರಯಾಣ. ಒಂದು ಮನೆಗೆ ಹೋಗಿಬರಲು ಮೂರು ತಾಸು ಬೇಕಾದಲ್ಲಿ ದಿನಕ್ಕೆ ಎರಡು ಭೇಟಿಯೇ ಹೆಚ್ಚು. ನಗರದ 15ರ ಮಿತಿಯನ್ನೇ ಅಲ್ಲಿಗೂ ಹಾಕುವುದು ಕಾಗದದಲ್ಲಿ ಸಮಾನತೆ, ರೋಗಿಗೆ ಅನ್ಯಾಯ. ನಮ್ಮ ಮಟ್ಟಿಗೆ ಸರಿಯೆನಿಸುವ ದಾರಿ: ಪ್ರತಿ ಸಣ್ಣ ಊರಲ್ಲೂ ಪೂರ್ಣಾವಧಿಯ ಒಬ್ಬ ಕಾರ್ಯಕರ್ತರು, ಅವರ ಬೆನ್ನಿಗೆ ಹಲವು ಊರುಗಳಿಗೆ ಸೇರಿ ಒಂದು ತಜ್ಞರ ಕೇಂದ್ರ, ವಾರಕ್ಕೊಮ್ಮೆ ಎಲ್ಲ ರೋಗಿಗಳ ಬಗ್ಗೆ ಒಟ್ಟಿಗೆ ಚರ್ಚೆ. ಗಡಿಯಿಂದ ಐದು ಕಿಲೋಮೀಟರ್ ಆಚೆ ಇದ್ದವರನ್ನು ‘ನಮ್ಮ ವ್ಯಾಪ್ತಿಯಲ್ಲ’ ಎಂದು ಕಳಿಸುವ ನಿಯಮ ಮೊದಲು ಹೋಗಬೇಕು.

ತಂಡವಿದ್ದರೂ ಜನಕ್ಕೆ ಗೊತ್ತಿರಬೇಕು. ನಾರ್ವೆಯ ರೋಗಲ್ಯಾಂಡ್‌ನಲ್ಲಿ 1997ರಿಂದ ಪತ್ರಿಕಾ ಜಾಹೀರಾತು, ಶಾಲಾ ಶಿಕ್ಷಕರು ಹಾಗೂ ಸಾಮಾನ್ಯ ವೈದ್ಯರಿಗೆ ತರಬೇತಿ, ಯಾರು ಬೇಕಾದರೂ ನೇರ ಕರೆ ಮಾಡಬಹುದಾದ ಪತ್ತೆ ತಂಡ, ಇವೆಲ್ಲ ಒಟ್ಟಿಗೆ ನಡೆದವು. ಚಿಕಿತ್ಸೆಯಿಲ್ಲದೆ ಕಳೆಯುತ್ತಿದ್ದ ಮಧ್ಯಮಾಂಕ ಅವಧಿ (ಅರ್ಧ ಜನರದು ಇದಕ್ಕಿಂತ ಕಡಿಮೆ, ಅರ್ಧ ಜನರದು ಹೆಚ್ಚು) ಅಲ್ಲಿ 5 ವಾರ. ಹೋಲಿಕೆಗೆ ತೆಗೆದುಕೊಂಡ ಬೇರೆ ಪ್ರದೇಶಗಳಲ್ಲಿ 16. ಪ್ರಚಾರ ನಿಂತ ಮೇಲೆ ರೋಗಲ್ಯಾಂಡ್‌ನಲ್ಲೂ ಅದು ಮತ್ತೆ 15ಕ್ಕೇರಿತು. ಅಮೆರಿಕದ 21 ರಾಜ್ಯಗಳ 34 ಚಿಕಿತ್ಸಾಲಯಗಳಲ್ಲಿ ನಡೆದ ‘ರೇಸ್’ (RAISE) ಅಧ್ಯಯನದಲ್ಲಿ ಈ ಅವಧಿ 74 ವಾರ ಇತ್ತು. ಅದಕ್ಕಿಂತ ಬೇಗ ಬಂದವರಿಗೇ ತಂಡದ ಆರೈಕೆ ಹೆಚ್ಚು ಫಲ ಕೊಟ್ಟಿತು.

ಪ್ರಶ್ನೆ: ವಿಡಿಯೊ ಕರೆಯಲ್ಲೇ ಚಿಕಿತ್ಸೆ ನಡೆಸಿದರೆ ಸಾಲದೇ?

ಉತ್ತರ: ಅರ್ಧಕ್ಕೆ ಸಾಕು. ಕುಟುಂಬದವರ ಜೊತೆಗಿನ ಮಾತುಕತೆ, ಮಾತಿನ ಚಿಕಿತ್ಸೆ, ಔಷಧದ ಮರುಪರಿಶೀಲನೆ ಚೆನ್ನಾಗಿಯೇ ನಡೆಯುತ್ತವೆ. ಮೊದಲ ಭೇಟಿ ಮುಖಾಮುಖಿಯಾದರೆ ಒಳ್ಳೆಯದು. ಆಗದಿದ್ದರೆ ರೋಗಿಯ ಪಕ್ಕದಲ್ಲಿ ಒಬ್ಬ ನರ್ಸ್ ಇರಲಿ. ಕ್ಯಾಮೆರಾ ತನ್ನನ್ನು ಬೇಹುಗಾರಿಕೆ ಮಾಡುತ್ತಿದೆ ಎಂದು ನಂಬಿದವರನ್ನು ಪರದೆ ಮುಂದೆ ಕೂರಿಸಿದರೆ ಭಯ ಇಮ್ಮಡಿಸುತ್ತದೆ. ಆ ಬದಿಯಲ್ಲಿ ಯಾರಿದ್ದಾರೆ, ರೆಕಾರ್ಡ್ ಆಗುತ್ತಿದೆಯೇ ಎಂದು ಮೊದಲೇ ಹೇಳಬೇಕು. ಒಪ್ಪದಿದ್ದರೆ ಬರೀ ಫೋನ್ ಸಾಕು. ಮನೆಯಲ್ಲಿ ಎಲ್ಲರ ಎದುರು ಮನಬಿಚ್ಚಿ ಮಾತಾಡಲಾಗದು, ಹಾಗಾಗಿ ಊರಿನ ಆರೋಗ್ಯ ಕೇಂದ್ರದ ಒಂದು ಕೋಣೆ ಕೇಳಿ.

ಔಷಧದಿಂದ ಬರಬಹುದಾದ, ಕೈ ಮಡಚಿ ನೋಡಿದರಷ್ಟೇ ತಿಳಿಯುವ ಬಿಗಿತ, ತೂಕ, ಬಿಪಿ ಪರದೆಯಲ್ಲಿ ಸಿಗವು. ಔಷಧ ಶುರುವಾದ ಮೊದಲ ಆರು ವಾರ ಪ್ರತಿ ವಾರ, ನಂತರ 12ನೇ ವಾರ, ಆಮೇಲೆ ವರ್ಷ ತುಂಬಿದಾಗ ತೂಕ ನೋಡಬೇಕು. ಸಕ್ಕರೆ, ಕೊಲೆಸ್ಟ್ರಾಲ್, ಬಿಪಿಯನ್ನೂ 12ನೇ ವಾರ ಮತ್ತು ವರ್ಷದ ಹೊತ್ತಿಗೆ ಪರೀಕ್ಷಿಸಬೇಕು. ತಜ್ಞರು ಊರಿನ ವೈದ್ಯರು ಮಾಡುತ್ತಾರೆಂದುಕೊಳ್ಳುತ್ತಾರೆ, ಊರಿನ ವೈದ್ಯರು ತಜ್ಞರು ಮಾಡುತ್ತಾರೆಂದುಕೊಳ್ಳುತ್ತಾರೆ. ಯಾವುದು ಯಾರ ಹೊಣೆ ಎಂದು ಮೊದಲ ದಿನವೇ ಬರೆಸಿಕೊಳ್ಳಿ.

ಪ್ರಶ್ನೆ: ಮಳೆಗಾಲದಲ್ಲಿ ರಸ್ತೆ ಕಟ್ಟಾಗಿ ಮಾತ್ರೆ ಮುಗಿದರೆ?

ಉತ್ತರ: ಎರಡು ವಾರದ ಮಾತ್ರೆ ಸದಾ ಹೆಚ್ಚುವರಿ ಇರಲಿ, ಸಾಯುವ ಯೋಚನೆ ಬಂದಿದ್ದವರಾದರೆ ಡಬ್ಬಿ ಮನೆಯವರ ವಶದಲ್ಲಿರಲಿ. ತಪ್ಪಿದ ಡೋಸ್ ಸರಿದೂಗಿಸಲು ಎರಡೆರಡು ನುಂಗಬಾರದು. ಮಾತ್ರೆ ಪದೇ ಪದೇ ತಪ್ಪುವುದಾದರೆ, ಊರಿನ ನರ್ಸ್ ಕೊಡಬಹುದಾದ, ಕೆಲವು ವಾರ ಕೆಲಸ ಮಾಡುವ ಇಂಜೆಕ್ಷನ್ ಆಗುತ್ತದೆಯೇ ಎಂದು ಕೇಳಿ. ಕ್ಲೋಜಪಿನ್ (ಬೇರೆ ಔಷಧಗಳು ಫಲ ಕೊಡದಾಗ ಬಳಸುವ ಸೈಕೋಸಿಸ್ ಔಷಧ) ತೆಗೆದುಕೊಳ್ಳುವವರು 48 ಗಂಟೆಗಿಂತ ಹೆಚ್ಚು ಕಾಲ ಬಿಟ್ಟಿದ್ದರೆ ಹಳೆಯ ಪ್ರಮಾಣದಲ್ಲಿ ತಾವಾಗಿ ಮತ್ತೆ ಶುರುಮಾಡಬಾರದು. ರಕ್ತದೊತ್ತಡ ಹಠಾತ್ತನೆ ಕುಸಿಯಬಹುದು. ಮೊದಲು ವೈದ್ಯರಿಗೆ ಫೋನ್ ಮಾಡಿ.