ಲೊರೆಟ್ಟಾ ಲಿನ್ ಹಾಡನ್ನು ರೇಡಿಯೊದವರು ತಡೆದಿದ್ದೇಕೆ?

ಪ್ರಶ್ನೆ: ಅಮೆರಿಕದ ಕಂಟ್ರಿ (ಅಲ್ಲಿನ ಹಳ್ಳಿಗಾಡಿನ ಧಾಟಿಯ ಸಂಗೀತ) ಗಾಯಕಿ ಲೊರೆಟ್ಟಾ ಲಿನ್ ಅವರ ಹಾಡುಗಳನ್ನು ಈಚೆಗೆ ಕೇಳುತ್ತಿದ್ದೇನೆ. 13ನೇ ವಯಸ್ಸಿಗೇ ಮದುವೆಯಾಗಿತ್ತು ಅಂತ ಒಂದು ಕಡೆ, 15 ಅಂತ ಇನ್ನೊಂದು ಕಡೆ ಇದೆ. ಯಾವುದು ಸರಿ? ಅವರ ಹಾಡನ್ನು ರೇಡಿಯೊದವರು ತಡೆದಿದ್ದರಂತೆ, ಯಾಕೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: 15 ಸರಿ. 13 ಎಂದು ಅವರೇ ಹೇಳಿಕೊಂಡು ಬಂದಿದ್ದರು. 2012ರಲ್ಲಿ ಜನನ ದಾಖಲೆ ಹೊರಬಂತು. ಹುಟ್ಟಿದ್ದು 1932ರ ಏಪ್ರಿಲ್ 14, ಮದುವೆ 1948ರ ಜನವರಿ. ಹದಿನೈದಾದರೂ ಅದು ಆಡುವ ವಯಸ್ಸೇ ಅಲ್ವಾ?

ಊರು ಕೆಂಟಕಿಯ ಬುಚರ್ ಹಾಲೊ, ಬೆಟ್ಟದ ಸಂದಿನ ಹಳ್ಳಿ. ಅಪ್ಪ ಕಲ್ಲಿದ್ದಲು ಗಣಿಯಲ್ಲಿ ದುಡಿಯುತ್ತಿದ್ದರು. ಮದುವೆಯಾದ ಮೇಲೆ ಗಂಡನ ಜೊತೆ ದೇಶದ ಇನ್ನೊಂದು ತುದಿಗೆ, ವಾಷಿಂಗ್ಟನ್ ರಾಜ್ಯಕ್ಕೆ ಹೋದರು. ಮನೆಗೆಲಸ ಮಾಡುತ್ತಾ ಹಾಡಿಕೊಳ್ಳುತ್ತಿದ್ದುದನ್ನು ಕೇಳಿ ಗಂಡ 17 ಡಾಲರಿನ ಗಿಟಾರ್ ತಂದುಕೊಟ್ಟರು. ಲೊರೆಟ್ಟಾ ಅದನ್ನು ನುಡಿಸಲು ತಾವೇ ಕಲಿತರು. 1960ರಲ್ಲಿ ಮೊದಲ ರೆಕಾರ್ಡ್ ಬಂತು. ಗಂಡ ಹೆಂಡತಿ ಅದನ್ನು ಕಾರಿನಲ್ಲಿ ಹಾಕಿಕೊಂಡು, ಬ್ರೆಡ್ಡು ಚೀಸು ತಿಂದು, ಕಾರಿನಲ್ಲೇ ಮಲಗಿ, ಒಂದೊಂದೇ ರೇಡಿಯೊ ಸ್ಟೇಷನ್ನಿಗೆ ಹೋಗಿ ಕೊಟ್ಟು ಬಂದರು. ಆ ಹಾಡು ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ 14ನೇ ಸ್ಥಾನಕ್ಕೆ ಏರಿತು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಆ ಹಾಡಿನ ಹೆಸರು 'ದ ಪಿಲ್', ಗರ್ಭನಿರೋಧಕ ಮಾತ್ರೆಯ ಬಗ್ಗೆ. ವರ್ಷ ವರ್ಷವೂ ಹೆತ್ತು ಸಾಕಾದ ಹೆಂಡತಿ ಗಂಡನಿಗೆ ಖಡಾಖಂಡಿತವಾಗಿ ಹೇಳುತ್ತಾಳೆ: ಈ ಕೋಳಿ ಇನ್ನು ಕಾವು ಕೂರುವುದಿಲ್ಲ! 1972ರಲ್ಲೇ ಹಾಡಿಟ್ಟಿದ್ದರೂ ಹೊರಬಂದಿದ್ದು 1975ರಲ್ಲಿ. ಎಷ್ಟೋ ಸ್ಟೇಷನ್ನುಗಳು ಹಾಕಲೇ ಇಲ್ಲ. ಆದರೂ ಕಂಟ್ರಿ ಪಟ್ಟಿಯಲ್ಲಿ 5ನೇ ಸ್ಥಾನ ಮುಟ್ಟಿತು. ಹಾಡು ಬರೆದವರು ಬೇರೆಯವರೇ. ಆದರೆ ಆರು ಮಕ್ಕಳನ್ನು ಹೆತ್ತ ತಾಯಿಯ ಬಾಯಲ್ಲಿ ಅದು ಸುಮ್ನೆ ಹಾಡಾಗಿ ಉಳಿಯಲಿಲ್ಲ. ಅಡುಗೆಮನೆಯಲ್ಲಿ ಹೆಂಗಸರು ಮೆಲ್ಲಗೆ ಆಡಿಕೊಳ್ಳುತ್ತಿದ್ದ ಮಾತು ರೇಡಿಯೊದಲ್ಲಿ ಕೇಳಿಸಿತು. ನನಗೆ ಅವರು ದೊಡ್ಡವರಾಗಿ ಕಾಣುವುದು ಇದಕ್ಕೇ, ಪ್ರಶಸ್ತಿಗಳಿಗಲ್ಲ. ಪ್ರಶಸ್ತಿಗಳೂ ಬಂದವು ಬಿಡಿ. 1972ರಲ್ಲಿ ಕಂಟ್ರಿ ಸಂಗೀತ ಸಂಘದ 'ವರ್ಷದ ಕಲಾವಿದೆ' ಗೌರವ ಪಡೆದ ಮೊದಲ ಹೆಂಗಸು ಅವರೇ. ತೀರಿಕೊಂಡಿದ್ದು 2022ರ ಅಕ್ಟೋಬರ್ 4ರಂದು, 90ನೇ ವಯಸ್ಸಿನಲ್ಲಿ.

ಇನ್ನೂ ಕೇಳಿಲ್ಲದಿದ್ದರೆ ಅವರೇ ಬರೆದ 'ಕೋಲ್ ಮೈನರ್ಸ್ ಡಾಟರ್' ಹಾಕಿಕೊಳ್ಳಿ. ಅದರಲ್ಲಿ ಅಮ್ಮ ದಿನಾ ಹಲಗೆಯ ಮೇಲೆ ಬಟ್ಟೆ ಉಜ್ಜುತ್ತಾಳೆ. ಬೆರಳಲ್ಲಿ ರಕ್ತ ಬಂದಿದ್ದನ್ನು ಮಗಳು ನೋಡಿದ್ದಾಳೆ.